ಮುಟ್ಟು ನಿಲ್ಲುವ ಹೊತ್ತಿಗೆ ಕೋಸಂಬರಿ ಎಷ್ಟು, ಬೇಯಿಸಿದ್ದು ಎಷ್ಟು?

ನಲವತ್ತೈದು ದಾಟಿದ ಹೆಂಗಸರಿಗೆ ಸಲಹೆ ಕೊಡುವವರಿಗೆ ಬರವಿಲ್ಲ. ಇದ್ದಕ್ಕಿದ್ದ ಹಾಗೆ ಮೈಯೆಲ್ಲ ಬಿಸಿಯೇರುತ್ತದೆ, ರಾತ್ರಿ ಬೆವರಿ ಎಚ್ಚರವಾಗುತ್ತದೆ ಎಂದು ಯಾರ ಹತ್ತಿರವಾದರೂ ಹೇಳಿ ನೋಡಿ. ‘ಉಷ್ಣ ಆಗಿದೆ, ತಂಪು ತಿನ್ನಮ್ಮಾ’ ಅನ್ನುತ್ತಾರೆ ಅತ್ತೆ. ‘ಅಕ್ಕಾ, ಒಲೆ ಮೇಲೆ ಇಟ್ಟಿದ್ದೆಲ್ಲ ಬಿಟ್ಟುಬಿಡಿ. ಬರೀ ಹಸಿ ತರಕಾರಿ, ಮೊಳಕೆಕಾಳು, ಹಣ್ಣು ತಿನ್ನಿ. ಮೂರೇ ವಾರದಲ್ಲಿ ಎಲ್ಲ ಸರಿಹೋಗುತ್ತೆ’ ಅನ್ನುತ್ತಾಳೆ ವಾಕಿಂಗಿನಲ್ಲಿ ಸಿಗುವ ಗೆಳತಿ. ಇಬ್ಬರ ಮಾತಿನಲ್ಲೂ ಸ್ವಲ್ಪ ನಿಜ ಇದೆ. ಯಾವ ಸ್ವಲ್ಪ ಅನ್ನೋದು ತಿಳಿಯದೆ ಪೂರ್ತಿ ಪಾಲಿಸಿಬಿಟ್ಟರೆ ಮಾತ್ರ ಬಿಸಿ ಇಳಿಯುವುದಕ್ಕಿಂತ ಮೊದಲು ಮೂಳೆ ಸವೆಯಬಹುದು.

ಹಸಿ ಒಳ್ಳೆಯದೋ ಬೇಯಿಸಿದ್ದು ಒಳ್ಳೆಯದೋ ಎಂಬ ಜಗಳವೇ ದಾರಿ ತಪ್ಪಿಸುತ್ತದೆ. ಮುಟ್ಟು ನಿಲ್ಲುವ ಕಾಲದಲ್ಲಿ ಮೈಯಲ್ಲಿ ಒಂದಲ್ಲ, ಐದಾರು ಬದಲಾವಣೆ ಒಟ್ಟಿಗೇ ನಡೆಯುತ್ತವೆ. ಒಂದೊಂದಕ್ಕೂ ಊಟ ಮಾಡುವ ಸಹಾಯ ಬೇರೆ ಬೇರೆ. ಕೆಲವಕ್ಕೆ ಹಸಿ ಸೌತೆಕಾಯಿ ಸಾಕು, ಕೆಲವಕ್ಕೆ ರಾಗಿ ಮುದ್ದೆಯೇ ಬೇಕು. ಇನ್ನು ಕೆಲವಕ್ಕೆ ಯಾವ ಊಟವೂ ಮದ್ದಲ್ಲ.

ಬಿಸಿ ಎಲ್ಲಿಂದ ಬರುತ್ತದೆ?

ಸತತ 12 ತಿಂಗಳು ಮುಟ್ಟಾಗದಿದ್ದರೆ ಮುಟ್ಟು ನಿಂತಿತು ಎಂದು ವೈದ್ಯರು ಲೆಕ್ಕ ಹಾಕುತ್ತಾರೆ. ಅಮೆರಿಕ, ಯೂರೋಪಿನಲ್ಲಿ ಇದು ಸರಾಸರಿ 51ನೇ ವಯಸ್ಸಿಗೆ ಆಗುತ್ತದೆ. ನಮ್ಮ ದೇಶದಲ್ಲಿ 46-47ರ ಆಸುಪಾಸಿನಲ್ಲೇ. ಅದಕ್ಕೂ ಕೆಲವು ವರ್ಷ ಮುಂಚಿನಿಂದಲೇ ಏರುಪೇರು ಶುರುವಾಗಿರುತ್ತದೆ. ಒಂದು ತಿಂಗಳು ಮುಟ್ಟೇ ಇಲ್ಲ, ಇನ್ನೊಂದು ತಿಂಗಳು ನಲ್ಲಿ ಬಿಟ್ಟ ಹಾಗೆ ರಕ್ತ. ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿಕೊಂಡವರಿಗೆ ಇಷ್ಟು ನಿಧಾನವೂ ಇಲ್ಲ. ಆಪರೇಷನ್ ಆದ ಕೆಲವೇ ದಿನಗಳಲ್ಲಿ ಎಲ್ಲ ಒಟ್ಟಿಗೇ ಬಂದು ಕೂರುತ್ತದೆ.

ಇದೆಲ್ಲದರ ಹಿಂದೆ ಇರುವುದು ಈಸ್ಟ್ರೋಜನ್ ಎಂಬ ಹಾರ್ಮೋನು ಇಳಿಯುವುದು. ಮಿದುಳಿನ ತಳದಲ್ಲಿ ಹೈಪೊಥಲಾಮಸ್ ಎಂಬ ಪುಟ್ಟ ಭಾಗವಿದೆ. ಮೈಯ ಶಾಖವನ್ನು ನೋಡಿಕೊಳ್ಳುವುದು ಅದರ ಕೆಲಸ. ಅಲ್ಲಿನ ಕೆಲವು ನರಕೋಶಗಳನ್ನು ಈಸ್ಟ್ರೋಜನ್ ಹದ್ದುಬಸ್ತಿನಲ್ಲಿ ಇಟ್ಟಿರುತ್ತದೆ. ಅದು ಇಳಿದಾಗ ಆ ನರಕೋಶಗಳು ಅತಿಯಾಗಿ ಚುರುಕಾಗುತ್ತವೆ. ಆಗ ಮೈ ಸಹಿಸಿಕೊಳ್ಳುವ ಶಾಖದ ಅಂತರ ತೀರಾ ಕಿರಿದಾಗುತ್ತದೆ. ಮೊದಲು ಗಮನಕ್ಕೇ ಬಾರದಿದ್ದ ಒಂದಿಷ್ಟು ಏರಿಕೆಗೂ ಮಿದುಳು ಹೌಹಾರಿ, ಚರ್ಮದ ರಕ್ತನಾಳಗಳನ್ನು ಅಗಲ ಮಾಡುತ್ತದೆ, ಬೆವರು ಸುರಿಸುತ್ತದೆ. ಥರ್ಮೋಸ್ಟಾಟ್ ಕೆಟ್ಟ ಫ್ರಿಜ್ಜಿನಲ್ಲಿ ಒಳಗೆ ತಂಪಿದ್ದರೂ ಮೋಟಾರು ಓಡುತ್ತಲೇ ಇರುತ್ತದಲ್ಲ, ಹಾಗೆ. ಆ ನರಕೋಶಗಳ ಸಂಕೇತವನ್ನೇ ತಡೆಯುವ ಫೆಜೊಲಿನೆಟಂಟ್ ಎಂಬ ಮಾತ್ರೆಗೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಹಾರ್ಮೋನು ಒಂದಿಷ್ಟೂ ಇಲ್ಲದ ಮಾತ್ರೆ ಅದು. ಆದರೂ ಬಿಸಿಯೇರುವುದು ಕಡಿಮೆಯಾಗುತ್ತದೆ.

ಅಂದರೆ ‘ಉಷ್ಣ’ ಇರುವುದು ಹೊಟ್ಟೆಯಲ್ಲಲ್ಲ, ಅಳೆಯುವ ಜಾಗದಲ್ಲಿ. ಮಜ್ಜಿಗೆ, ಸೌತೆಕಾಯಿ, ನೆನೆಸಿದ ಮೆಂತ್ಯೆ ಆ ಜಾಗವನ್ನು ರಿಪೇರಿ ಮಾಡುವುದಿಲ್ಲ. ಹಾಗಂತ ಅತ್ತೆಯ ಮಾತು ಪೂರ್ತಿ ಸುಳ್ಳೂ ಅಲ್ಲ. ಸುಡುವ ಕಾಫಿ, ಖಾರದ ಸಾರು ಮೈಯ ಶಾಖವನ್ನು ಒಂದು ಚೂರು ಏರಿಸುತ್ತವೆ. ಅಂತರ ಕಿರಿದಾದವರಿಗೆ ಅಷ್ಟೇ ಸಾಕಾಗಬಹುದು. ಮುಟ್ಟು ನಿಂತ ಮೇಲೆ ಕೆಫೀನ್ ಸೇವಿಸುವವರಿಗೆ ಬಿಸಿಯೇರುವ ಕಾಟ ಜಾಸ್ತಿ ಎಂದು ಅಮೆರಿಕದ ಮೇಯೊ ಕ್ಲಿನಿಕ್‌ನ ಸಮೀಕ್ಷೆಯೊಂದು ಹೇಳಿದೆ. ಫಿಲ್ಟರ್ ಕಾಫಿ ಬಿಡಿ ಎಂದು ಹೇಳುವ ಧೈರ್ಯ ನನಗಿಲ್ಲ. ಸಂಜೆಯ ಎರಡನೇ ಲೋಟವನ್ನು ಎರಡು ವಾರ ಬಿಟ್ಟು ನೋಡಿ, ರಾತ್ರಿ ವ್ಯತ್ಯಾಸ ಕಾಣಿಸಿದರೆ ಒಳ್ಳೆಯದು.

‘ಮೂರು ವಾರದಲ್ಲಿ ಸರಿಹೋಯಿತು’

ಅಮೆರಿಕದಲ್ಲಿ ಸಾವಿರಾರು ಹೆಂಗಸರನ್ನು ವರ್ಷಗಟ್ಟಲೆ ಹಿಂಬಾಲಿಸಿದ ‘ಸ್ವಾನ್’ ಎಂಬ ಅಧ್ಯಯನವಿದೆ. ಅದರ 2015ರ ವರದಿಯ ಪ್ರಕಾರ, ಪದೇ ಪದೇ ಬಿಸಿಯೇರುವವರಿಗೆ ಈ ತೊಂದರೆ ಇರುವ ಅವಧಿ 7.4 ವರ್ಷ. ಇದು ನಡುವಿನ ಲೆಕ್ಕ. ಅರ್ಧದಷ್ಟು ಜನರಿಗೆ ಇದಕ್ಕಿಂತ ಜಾಸ್ತಿ. ಈ ವರ್ಷಗಳುದ್ದಕ್ಕೂ ತೊಂದರೆ ಒಂದೇ ಸಮ ಇರುವುದಿಲ್ಲ. ಒಂದು ತಿಂಗಳು ಸಾಕಪ್ಪಾ ಸಾಕು ಅನಿಸುತ್ತದೆ, ಮುಂದಿನ ತಿಂಗಳು ತಾನಾಗೇ ಇಳಿಯುತ್ತದೆ. ನಾವು ಹೊಸ ಪಥ್ಯ ಶುರು ಮಾಡುವುದು ಯಾವಾಗ? ತೀರಾ ಕಾಟ ಜಾಸ್ತಿಯಾದಾಗ, ಅಲ್ವಾ? ಆಮೇಲೆ ತಾನಾಗೇ ಇಳಿದರೂ ಹೆಸರು ಪಥ್ಯಕ್ಕೆ ಹೋಗುತ್ತದೆ.

ಇದನ್ನು ತಿಳಿಯಲು ಅಗಸೆಯ ಕತೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಅಗಸೆಯಲ್ಲಿ ಲಿಗ್ನಾನ್ ಎಂಬ, ಈಸ್ಟ್ರೋಜನ್ನನ್ನು ತುಸು ಹೋಲುವ ಅಂಶವಿದೆ. 2007ರಲ್ಲಿ ಮೇಯೊ ಕ್ಲಿನಿಕ್‌ನ ಸಂಶೋಧಕರು 29 ಹೆಂಗಸರಿಗೆ ದಿನಕ್ಕೆ 40 ಗ್ರಾಂ ಪುಡಿ ಮಾಡಿದ ಅಗಸೆ ಕೊಟ್ಟು ನೋಡಿದರು. ಆರು ವಾರದಲ್ಲಿ ಬಿಸಿಯೇರುವುದು ಅರ್ಧಕ್ಕರ್ಧ ಇಳಿಯಿತು. ಎಲ್ಲರಿಗೂ ಖುಷಿ. ಆಮೇಲೆ ಸುಮಾರು 190 ಹೆಂಗಸರನ್ನು ಎರಡು ಗುಂಪು ಮಾಡಿ ಸರಿಯಾಗಿ ಪರೀಕ್ಷಿಸಿದರು. ಒಂದು ಗುಂಪಿಗೆ ಅಗಸೆ ಬಾರ್, ಇನ್ನೊಂದಕ್ಕೆ ನೋಡಲು ಅದೇ ಥರದ, ಅಗಸೆ ಇಲ್ಲದ ಬಾರ್. ಯಾರಿಗೆ ಯಾವುದು ಎಂದು ತಿನ್ನುವವರಿಗೆ ಗೊತ್ತಿಲ್ಲ. ಫಲಿತಾಂಶ ನೋಡಿದರೆ ಎರಡೂ ಗುಂಪಿನಲ್ಲಿ ಮೂರನೇ ಒಂದು ಭಾಗಕ್ಕೂ ಜಾಸ್ತಿ ಹೆಂಗಸರಿಗೆ ಬಿಸಿ ಅರ್ಧದಷ್ಟು ಇಳಿದಿತ್ತು! ಅಗಸೆ ತಿಂದವರಿಗೂ, ತಿನ್ನದವರಿಗೂ.

ಅದಕ್ಕೇ ಅಗಸೆ ಬಿಡಿ ಎಂದು ನಾನು ಹೇಳುತ್ತಿಲ್ಲ. ಬಿಜಾಪುರ, ಬಾಗಲಕೋಟೆ, ಧಾರವಾಡದ ಕಡೆ ರೊಟ್ಟಿಗೆ ಹಚ್ಚಿಕೊಳ್ಳುವ ಅಗಸಿ ಹಿಂಡಿ ಒಳ್ಳೆಯ ಆಹಾರ. ನಾರು ಇದೆ, ಹೃದಯಕ್ಕೆ ಹಿತವಾದ ಕೊಬ್ಬು ಇದೆ. ಮಲಬದ್ಧತೆಗೆ ನಿಜಕ್ಕೂ ಸಹಾಯ ಮಾಡುತ್ತದೆ. ಹುರಿದು ಕುಟ್ಟುವ ಆ ಹಳೆಯ ಪದ್ಧತಿಯೂ ಸರಿಯಾದದ್ದೇ. ಇಡೀ ಕಾಳು ನುಂಗಿದರೆ ಹಾಗೇ ಹೊರಗೆ ಹೋಗುತ್ತದೆ. ಹಸಿ ಅಗಸೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶ ಒಂದಿಷ್ಟಿದೆ, ಹುರಿದರೆ ಅದು ಕಡಿಮೆಯಾಗುತ್ತದೆ. ಬಿಸಿಯೇರುವುದಕ್ಕೆ ಮದ್ದು ಎಂದು ತಿಂದರೆ ನಿರಾಸೆ ಆದೀತು, ಅಷ್ಟೇ.

ಸೋಯಾದ ಕತೆ ಇನ್ನೂ ಸ್ವಲ್ಪ ತೊಡಕಿನದು. 2021ರಲ್ಲಿ ಅಮೆರಿಕದಲ್ಲಿ 38 ಹೆಂಗಸರ ಮೇಲೆ ಒಂದು ಪ್ರಯೋಗ ನಡೆಯಿತು. ಅರ್ಧದಷ್ಟು ಜನ ಹಾಲು, ಮೊಟ್ಟೆ, ಮಾಂಸ ಬಿಟ್ಟು, ಎಣ್ಣೆಯನ್ನೂ ತೀರಾ ಕಡಿಮೆ ಮಾಡಿ, ದಿನಕ್ಕೆ ಅರ್ಧ ಕಪ್ ಸೋಯಾಕಾಳು ತಿಂದರು. 12 ವಾರದಲ್ಲಿ ಅವರ ಜೋರಾದ ಬಿಸಿಯೇರಿಕೆಗಳು ನೂರಕ್ಕೆ 84ರಷ್ಟು ಇಳಿದವು. ಈ ಸಂಖ್ಯೆ ಎಲ್ಲ ಕಡೆ ಓಡಾಡುತ್ತದೆ. ಅದರ ಜೊತೆ ಹೇಳಬೇಕಾದ ಎರಡು ಮಾತು ಮಾತ್ರ ಓಡಾಡುವುದಿಲ್ಲ. ಏನೂ ಬದಲಾಯಿಸದ ಇನ್ನೊಂದು ಗುಂಪಿನಲ್ಲೂ ನೂರಕ್ಕೆ 42ರಷ್ಟು ಇಳಿದಿತ್ತು. ಇನ್ನೊಂದು, ಆ ಸೋಯಾ ಹಸಿಯಲ್ಲ. ಬೇಯಿಸಿಕೊಳ್ಳಲೆಂದು ಎಲೆಕ್ಟ್ರಿಕ್ ಪ್ರೆಷರ್ ಕುಕ್ಕರನ್ನೂ ಕೊಟ್ಟಿದ್ದರು. ಹಸಿ ಸೋಯಾದಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶವಿದೆ. ಅದನ್ನು ಬೇಯಿಸಿಯೇ ತಿನ್ನಬೇಕು.

ಸೋಯಾ ಎಲ್ಲರಿಗೂ ಒಂದೇ ಥರ ಕೆಲಸ ಮಾಡುವುದೂ ಇಲ್ಲ. ಅದರಲ್ಲಿನ ಒಂದು ಅಂಶವನ್ನು ಕರುಳಿನ ಬ್ಯಾಕ್ಟೀರಿಯಾ ಈಕ್ವಾಲ್ ಎಂಬ ಚುರುಕಾದ ರೂಪಕ್ಕೆ ತಿರುಗಿಸಬೇಕು. ಜಪಾನಿನಲ್ಲಿ ಅರ್ಧಕ್ಕೂ ಜಾಸ್ತಿ ಜನರ ಕರುಳಿಗೆ ಇದು ಸಾಧ್ಯ. ಅಮೆರಿಕ, ಯೂರೋಪಿನಲ್ಲಿ ಕಾಲು ಭಾಗದಷ್ಟು ಜನಕ್ಕೆ ಮಾತ್ರ. ಇತ್ತ ಬೀದರಿನ ಹೊಲಗಳಲ್ಲಿ ರಾಶಿ ರಾಶಿ ಸೋಯಾ ಬೆಳೆದು, ಹೆಚ್ಚಿನದನ್ನು ಎಣ್ಣೆ ಗಿರಣಿಗೂ ಕೋಳಿ ಆಹಾರಕ್ಕೂ ಕಳಿಸಿ, ನಾವು ಅದೇ ಸೋಯಾದ ಮಾತ್ರೆ ಡಬ್ಬಿಗೆ ದುಡ್ಡು ಕೊಡುತ್ತೇವೆ. ವಾರಕ್ಕೆ ಮೂರ್ನಾಲ್ಕು ಸಲ ನೆನೆಸಿ ಬೇಯಿಸಿದ ಸೋಯಾಕಾಳನ್ನು ಹುಳಿಗೆ ಹಾಕಿದರೆ ಕೊನೆಪಕ್ಷ ಪ್ರೋಟೀನ್ ಅಂತೂ ಖಂಡಿತ.

ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ ಉತ್ತರ ಅಮೆರಿಕದ ಮೆನೋಪಾಸ್ ಸೊಸೈಟಿ 2023ರಲ್ಲಿ ಹೇಳಿದ್ದು ಇಷ್ಟು. ಬಿಸಿಯೇರುವುದಕ್ಕೆ ಚಿಕಿತ್ಸೆ ಎಂದು ಸೋಯಾವನ್ನಾಗಲಿ, ಗಿಡಮೂಲಿಕೆ ಮಾತ್ರೆಗಳನ್ನಾಗಲಿ, ವಿಶೇಷ ಪಥ್ಯವನ್ನಾಗಲಿ ಸೂಚಿಸುವಷ್ಟು ಪುರಾವೆ ಇಲ್ಲ. ತೂಕ ಇಳಿಸುವುದಕ್ಕೆ ಮಾತ್ರ ಇದೆ. ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಎಂಬ ದೊಡ್ಡ ಅಧ್ಯಯನದಲ್ಲಿ 17 ಸಾವಿರಕ್ಕೂ ಜಾಸ್ತಿ ಹೆಂಗಸರ ಲೆಕ್ಕ ನೋಡಿದಾಗಲೂ ಇದೇ ಕಂಡಿತ್ತು. ಹಣ್ಣು, ತರಕಾರಿ, ಇಡೀ ಧಾನ್ಯ ಜಾಸ್ತಿ ಮಾಡಿ, ಕೊಬ್ಬು ಕಡಿಮೆ ಮಾಡಿ, ಒಂದು ವರ್ಷದಲ್ಲಿ ನಾಲ್ಕೂವರೆ ಕಿಲೋ ಅಥವಾ ಜಾಸ್ತಿ ತೂಕ ಇಳಿಸಿದವರಲ್ಲಿ ಬಿಸಿಯೇರುವ ತೊಂದರೆ ಪೂರ್ತಿ ಹೋಗುವ ಸಾಧ್ಯತೆ ಹೆಚ್ಚಿತ್ತು.

ಹಸಿ ತರಕಾರಿ ಕೆಲಸಕ್ಕೆ ಬರುವುದು ಇಲ್ಲೇ. ಊಟಕ್ಕೆ ಮೊದಲು ಒಂದು ಬಟ್ಟಲು ಕೋಸಂಬರಿ ತಿಂದವರು ಅನ್ನ ಕಡಿಮೆ ಬಡಿಸಿಕೊಳ್ಳುತ್ತಾರೆ. ಸಂಜೆ ಸೀಬೆಹಣ್ಣು ತಿಂದ ಹೊಟ್ಟೆಗೆ ಬೋಂಡದ ಆಸೆ ಅಷ್ಟಿರುವುದಿಲ್ಲ. ಹಸಿಯಲ್ಲಿ ಮಾಯದ ಶಕ್ತಿ ಏನಿಲ್ಲ. ಕರಿದದ್ದು, ಮೈದಾ, ಸಕ್ಕರೆಯ ಜಾಗವನ್ನು ಅದು ಹಿಡಿದುಕೊಳ್ಳುತ್ತದೆ. ಪ್ರಕೃತಿ ಚಿಕಿತ್ಸಾ ಕೇಂದ್ರಕ್ಕೆ ಹತ್ತು ದಿನ ಹೋಗಿಬಂದವರು ‘ಮೈ ಹಗುರ ಆಯ್ತು, ನಿದ್ದೆ ಬಂತು’ ಎಂದು ಹೇಳುವುದನ್ನು ಕೇಳಿರುತ್ತೀರಿ. ನನಗೆ ಅದರಲ್ಲಿ ಅನುಮಾನವಿಲ್ಲ. ಅಲ್ಲಿ ಕಾಫಿ ಇಲ್ಲ, ರಾತ್ರಿ ಹತ್ತಕ್ಕೆ ಊಟ ಇಲ್ಲ, ಬೆಳಿಗ್ಗೆ ನಡಿಗೆ ಇದೆ. ಬೆಳಿಗ್ಗೆ ಐದಕ್ಕೆ ಎದ್ದು ನಾಲ್ಕು ಡಬ್ಬಿ ಕಟ್ಟುವ ಕೆಲಸವೂ ಇಲ್ಲ. ಇನ್ನೊಬ್ಬರು ಬಡಿಸಿದ್ದನ್ನು ಕೂತು ತಿನ್ನುವುದೇ ನಮ್ಮ ಎಷ್ಟೋ ಹೆಂಗಸರಿಗೆ ದೊಡ್ಡ ಚಿಕಿತ್ಸೆ.

ನಮ್ಮಲ್ಲಿ ಹಸಿ ಎಂದೂ ಒಂಟಿಯಾಗಿರಲಿಲ್ಲ

ಹಸಿ ತಿನ್ನುವುದನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಬಾಳೆಎಲೆಗೆ ಅನ್ನ ಬರುವ ಮೊದಲೇ ಕೋಸಂಬರಿ ಬಂದಿರುತ್ತದೆ. ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿ ಪಕ್ಕ ಹಸಿ ಮೆಂತ್ಯೆ ಸೊಪ್ಪು, ಮೂಲಂಗಿ, ಗಜ್ಜರಿ, ಉಳ್ಳಾಗಡ್ಡಿ ಇಲ್ಲದೆ ಊಟ ಮುಗಿಯುವುದಿಲ್ಲ. ಮಳೆಗಾಲ ಮುಗಿದ ಮೇಲೆ ಹೊಲದ ಹತ್ತರಕಿ ಸೊಪ್ಪನ್ನೂ ಹಸಿಯಾಗೇ ತಿನ್ನುತ್ತಾರೆ. ಮಲೆನಾಡಿನಲ್ಲಿ ಒಂದೆಲಗವನ್ನು ಹಸಿಯಾಗೇ ಕಾಯಿ ಜೊತೆ ರುಬ್ಬಿ, ಮಜ್ಜಿಗೆ ಸೇರಿಸಿ ತಂಬುಳಿ ಮಾಡುತ್ತಾರೆ. ಇವುಗಳಲ್ಲಿ ಒಂದಾದರೂ ಊಟದ ಬದಲಿಗೆ ಬಂದದ್ದಲ್ಲ, ಗಮನಿಸಿ. ಹಸಿ ತರಕಾರಿಯ ಪಚಡಿ ರೊಟ್ಟಿ ಜೊತೆ, ತಂಬುಳಿ ಅನ್ನದ ಜೊತೆ.

ಕೋಸಂಬರಿಯನ್ನೇ ಸ್ವಲ್ಪ ಬಿಡಿಸಿ ನೋಡೋಣ. ನೆನೆದ ಹೆಸರುಬೇಳೆ ಹಸಿಯಾಗಿಯೇ ಸುಲಭವಾಗಿ ಜೀರ್ಣವಾಗುತ್ತದೆ. ಎಲ್ಲ ಕಾಳಿಗೂ ಈ ಮಾತು ಸಲ್ಲುವುದಿಲ್ಲ. ರಾಜ್ಮಾವನ್ನು ಹಸಿಯಾಗಿ, ಅರೆಬೆಂದದ್ದಾಗಿ ತಿಂದರೆ ವಾಂತಿ-ಭೇದಿ ಗ್ಯಾರಂಟಿ. ಬೇಳೆಯಲ್ಲಿ ಕಬ್ಬಿಣದ ಅಂಶವಿದೆ. ಆದರೆ ಗಿಡದಿಂದ ಬಂದ ಕಬ್ಬಿಣ ಮೈಗೆ ಸುಲಭವಾಗಿ ಹತ್ತುವುದಿಲ್ಲ. ಅದನ್ನು ಹತ್ತಿಸುವುದು ಸಿ ವಿಟಮಿನ್. ಅದು ಬಿಸಿಗೆ ಹಾಳಾಗುವಂಥದ್ದು. ಕೊನೆಗೆ ಹಿಂಡುವ ನಿಂಬೆಹಣ್ಣು ಇಲ್ಲಿ ರುಚಿಗಿಂತ ಜಾಸ್ತಿ ಕೆಲಸ ಮಾಡುತ್ತದೆ. ಕ್ಯಾರೆಟ್ಟಿನ ಬಣ್ಣದಿಂದ ಎ ವಿಟಮಿನ್ ಸಿಗಬೇಕಾದರೆ ಜೊತೆಗೆ ಕೊಬ್ಬು ಬೇಕು. ತೆಂಗಿನತುರಿ ಇದೆ, ಸಾಸಿವೆ ಒಗ್ಗರಣೆಯ ಒಂದು ಚಮಚ ಎಣ್ಣೆ ಇದೆ. ಡಯಟ್ ಎಂದು ಒಗ್ಗರಣೆ, ಕಾಯಿ ಎರಡನ್ನೂ ತೆಗೆದ ಸಲಾಡಿಗಿಂತ ಅಜ್ಜಿಯ ಕೋಸಂಬರಿಯೇ ಮೇಲು.

ಕಬ್ಬಿಣದ ಮಾತು ಸುಮ್ನೆ ಹೇಳಿದ್ದಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇದೆ. ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ವಿಪರೀತ ರಕ್ತ ಹೋದರೆ ಇದು ಇನ್ನಷ್ಟು ಕೆಡುತ್ತದೆ. ಸುಸ್ತು, ಎದೆ ಡವಡವ, ಮನಸ್ಸು ಎಲ್ಲೂ ನಿಲ್ಲದಿರುವುದು. ಎಷ್ಟೋ ಸಲ ಇವೆಲ್ಲ ವಯಸ್ಸಿನ ತೊಂದರೆ ಎಂದು ತಳ್ಳಿಹೋಗುತ್ತವೆ. ಒಂದು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿದರೆ ಉತ್ತರ ಅಲ್ಲೇ ಇರುತ್ತದೆ. ಊಟದ ಬೆನ್ನಿಗೇ ಕಾಫಿ, ಟೀ ಕುಡಿದರೆ ನಿಂಬೆ ಮಾಡಿದ ಕೆಲಸವನ್ನೂ ಅವು ಕೆಡಿಸುತ್ತವೆ. ಒಂದು ಗಂಟೆ ತಡೆಯಿರಿ.

ಮೂಳೆಯ ಲೆಕ್ಕ

ಬಿಸಿಯೇರುವುದು ಕಾಣುತ್ತದೆ, ಬೆವರು ಕಾಣುತ್ತದೆ. ಮೂಳೆ ಸವೆಯುವುದು ಕಾಣುವುದಿಲ್ಲ. ಈಸ್ಟ್ರೋಜನ್ ಇರುವಷ್ಟು ದಿನ ಹಳೆ ಮೂಳೆ ಕರಗುವುದಕ್ಕೂ ಹೊಸದು ಕಟ್ಟುವುದಕ್ಕೂ ಒಂದು ಹೊಂದಾಣಿಕೆ ಇರುತ್ತದೆ. ಅದು ಇಳಿದ ಮೊದಲ ಕೆಲವು ವರ್ಷ ಕರಗುವ ವೇಗವೇ ಜಾಸ್ತಿ. ಬೇಯಿಸಿದ್ದೆಲ್ಲ ಬಿಟ್ಟು ಬರೀ ಹಸಿಗೆ ಹೊರಳಿದರೆ ಪೆಟ್ಟು ಬೀಳುವುದು ಇಲ್ಲಿಗೇ.

ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2005ರಲ್ಲಿ, ವರ್ಷಗಟ್ಟಲೆ ಬರೀ ಹಸಿ ಸಸ್ಯಾಹಾರ ತಿಂದ 18 ಜನರ ಮೂಳೆ ಅಳೆದರು. ಮಾಮೂಲಿ ಊಟ ಮಾಡುವವರಿಗೆ ಹೋಲಿಸಿದರೆ ಅವರ ಸೊಂಟದ, ಬೆನ್ನಿನ ಮೂಳೆಯ ಸಾಂದ್ರತೆ ಸಾಕಷ್ಟು ಕಡಿಮೆ ಇತ್ತು. ಅವರು ತೆಳ್ಳಗಿದ್ದದ್ದೂ ಇದಕ್ಕೆ ಒಂದು ಕಾರಣ ಇರಬಹುದು. ಅದಕ್ಕೂ ಮೊದಲು, 1999ರಲ್ಲಿ, ಜರ್ಮನಿಯ ಗೀಸನ್‌ನ ಸಂಶೋಧಕರು ಹಸಿ ಆಹಾರದವರನ್ನೇ ಅಧ್ಯಯನ ಮಾಡಿದ್ದರು. ಅವರಲ್ಲಿ 45ರೊಳಗಿನ ಹೆಂಗಸರ ಪೈಕಿ ನೂರಕ್ಕೆ 30ರಷ್ಟು ಜನರಿಗೆ ಮುಟ್ಟು ತಪ್ಪುತ್ತಿತ್ತು ಅಥವಾ ನಿಂತೇ ಹೋಗಿತ್ತು. ತಿಂದದ್ದರಿಂದ ಸಿಗುವ ಶಕ್ತಿ ಅಷ್ಟು ಕಡಿಮೆಯಾದಾಗ ಮೈ ಈಸ್ಟ್ರೋಜನ್ ಮಾಡುವುದನ್ನೇ ಬಿಡುತ್ತದೆ. ಮುಟ್ಟು ನಿಂತ ಮೇಲೆ ಉಳಿದಿರುವ ಅಲ್ಪಸ್ವಲ್ಪ ಈಸ್ಟ್ರೋಜನ್ ಬರುವುದು ಬಹುಪಾಲು ಕೊಬ್ಬಿನ ಕೋಶಗಳಿಂದ. ಆದ್ದರಿಂದ ದಪ್ಪ ಇದ್ದವರು ಒಂದಿಷ್ಟು ಇಳಿಸುವುದು ಬೇರೆ, ಮೊದಲೇ ಕಡ್ಡಿಯಂತಿದ್ದವರು ಬರೀ ಹಣ್ಣಿನ ಮೇಲೆ ಇರುವುದು ಬೇರೆ.

ಅಂಕಿಗಳನ್ನೇ ಇಟ್ಟುಕೊಂಡು ನೋಡಿ. ಮುಟ್ಟು ನಿಂತ ಹೆಂಗಸರಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ನಮ್ಮ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಹೇಳಿದೆ. ದೊಡ್ಡ ತಟ್ಟೆ ತುಂಬಾ ಹಸಿ ತರಕಾರಿ ಇಟ್ಟುಕೊಳ್ಳಿ. ಎರಡು ಸೌತೆಕಾಯಿ, ಒಂದು ಕ್ಯಾರೆಟ್, ಎರಡು ಟೊಮೆಟೊ. ಎಲ್ಲ ಸೇರಿ ನೂರು ಮಿಲಿಗ್ರಾಂ ಕೂಡ ದಾಟುವುದಿಲ್ಲ. ಅದೇ 100 ಗ್ರಾಂ ರಾಗಿಹಿಟ್ಟಿನ ಮುದ್ದೆಯಲ್ಲಿ 350ರಷ್ಟಿದೆ. ದಿನಕ್ಕೆ ಎರಡು ಲೋಟದಷ್ಟು ಹಾಲು-ಮೊಸರಿನಲ್ಲಿ 480ರ ಹತ್ತಿರ. ಎರಡು ಚಮಚ ಹುರಿದ ಎಳ್ಳಿನ ಪುಡಿಯಿಂದ 200ರ ಮೇಲೆ. ಒಂದು ಪಲ್ಯಕ್ಕಾಗುವಷ್ಟು ಮೆಂತ್ಯೆ ಸೊಪ್ಪಿನಿಂದ ಇನ್ನೊಂದು 150. ಇಷ್ಟಕ್ಕೆ ಹೆಚ್ಚುಕಡಿಮೆ ಲೆಕ್ಕ ಮುಗಿಯಿತು. ಇದರಲ್ಲಿ ಎಲ್ಲವೂ ಮೈಗೆ ಸೇರುವುದಿಲ್ಲ. ರಾಗಿ, ಎಳ್ಳಿನಲ್ಲಿರುವ ಫೈಟೇಟ್ ಒಂದಿಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ ಹಿಟ್ಟು ಮಾಡಿದರೆ, ಇಲ್ಲವೇ ಅಂಬಲಿಯನ್ನು ರಾತ್ರಿ ಹುಳಿಯಲು ಬಿಟ್ಟರೆ ಅದು ಕಡಿಮೆಯಾಗುತ್ತದೆ.

ಸೊಪ್ಪಿನಲ್ಲೂ ವ್ಯತ್ಯಾಸವಿದೆ. ಪಾಲಕ್‌ನಲ್ಲಿ ಕ್ಯಾಲ್ಸಿಯಂ ಇದ್ದರೂ ಆಕ್ಸಲೇಟ್ ಅದನ್ನು ಕಟ್ಟಿಹಾಕುತ್ತದೆ. ಮೈಗೆ ಸೇರುವುದು ನೂರಕ್ಕೆ 5ರಷ್ಟು ಮಾತ್ರ. ಹಾಲಿನದಾದರೆ 27-28. ಹರಿವೆ, ಬಸಳೆಯಲ್ಲೂ ಆಕ್ಸಲೇಟ್ ಜಾಸ್ತಿ. ಮೆಂತ್ಯೆಯಲ್ಲಿ ಬಹಳ ಕಡಿಮೆ. ಬೆಳಿಗ್ಗೆ ಎದ್ದು ಹಸಿ ಪಾಲಕ್ ರುಬ್ಬಿ ಲೋಟಗಟ್ಟಲೆ ಕುಡಿಯುವವರು ಇದನ್ನು ಎರಡು ಸಲ ಓದಿ. ಕ್ಯಾಲ್ಸಿಯಂ ಸಿಗದಿರುವುದು ಒಂದಾದರೆ, ದಿನವೂ ಹೀಗೆ ಕುಡಿದು ಮೂತ್ರಪಿಂಡ ಹಾಳುಮಾಡಿಕೊಂಡ ಪ್ರಕರಣಗಳೂ ವೈದ್ಯರಲ್ಲಿ ದಾಖಲಾಗಿವೆ. ಕಿಡ್ನಿ ಕಲ್ಲು ಇದ್ದವರಂತೂ ಆ ಕಡೆ ಹೋಗಲೇಬಾರದು.

ಮೂಳೆಯ ಜೊತೆಗೇ ಸ್ನಾಯುವೂ ಕರಗುತ್ತದೆ. ಅದಕ್ಕೆ ಪ್ರೋಟೀನ್ ಬೇಕು. 60 ಕಿಲೋ ತೂಕದವರಿಗೆ ದಿನಕ್ಕೆ 50 ಗ್ರಾಂ. ಒಂದು ಹಿಡಿ ಹೆಸರುಬೇಳೆಯ ಕೋಸಂಬರಿಯಲ್ಲಿ ಸಿಗುವುದು ಏಳೇ ಗ್ರಾಂ. ‘ರಾತ್ರಿ ನಾನು ಬರೀ ಹಣ್ಣು’ ಎಂದು ಹೆಮ್ಮೆಯಿಂದ ಹೇಳುವವರ ತೂಕ ಇಳಿಯುವುದು ನಿಜ. ಇಳಿಯುವುದರಲ್ಲಿ ಸ್ನಾಯುವಿನ ಪಾಲೂ ಇರುತ್ತದೆ. ಹಣ್ಣಿನ ಜೊತೆ ಮೊಸರೋ ಮೊಟ್ಟೆಯೋ ಬೇಯಿಸಿದ ಕಾಳೋ ಇರಲಿ. ಡಿ ವಿಟಮಿನ್ನಿಗೆ ಮಾತ್ರ ಊಟದ ಮೇಲೆ ಭರವಸೆ ಇಡಬೇಡಿ. ಅದಕ್ಕೆ ಬಿಸಿಲು, ಸಾಲದಿದ್ದರೆ ವೈದ್ಯರು ಕೊಡುವ ಮಾತ್ರೆ.

ಕಹಿ ಬಂದರೆ ಉಗಿಯಿರಿ

ನೈಸರ್ಗಿಕ ಅಂದರೆ ತೊಂದರೆ ಇಲ್ಲದ್ದು ಎಂದು ನಂಬುವವರು ಸೋರೆಕಾಯಿ ರಸದ ಪ್ರಕರಣ ತಿಳಿದಿರಬೇಕು. 2010ರಲ್ಲಿ ದೆಹಲಿಯಲ್ಲಿ ವಿಜ್ಞಾನಿಯೊಬ್ಬರು ಕಹಿಯಾಗಿದ್ದ ಹಸಿ ಸೋರೆಕಾಯಿ ರಸವನ್ನು ಹಾಗಲಕಾಯಿ ರಸದ ಜೊತೆ ಬೆರೆಸಿ ಕುಡಿದು ತೀರಿಕೊಂಡರು. ಸೋರೆ, ಸೌತೆ, ಹೀರೆಯ ಜಾತಿಯ ಕಾಯಿಗಳಲ್ಲಿ ಕೆಲವೊಮ್ಮೆ ಕುಕುರ್ಬಿಟಾಸಿನ್ ಎಂಬ ಕಹಿ ವಿಷ ಜಾಸ್ತಿಯಾಗುತ್ತದೆ. ಐಸಿಎಂಆರ್ ತಜ್ಞರ ಸಮಿತಿ ಆಮೇಲೆ ಹೇಳಿದ್ದು ನಮ್ಮ ಅಡುಗೆಮನೆಯಲ್ಲಿ ಮೊದಲಿನಿಂದ ಇದ್ದ ರೂಢಿಯನ್ನೇ. ಒಂದು ಚೂರು ನೆಕ್ಕಿ ನೋಡಿ, ಕಹಿ ಇದ್ದರೆ ಎಸೆಯಿರಿ, ಬೇರೆ ರಸದ ಜೊತೆ ಬೆರೆಸಬೇಡಿ. ಬೆರೆಸಿದರೆ ಕಹಿ ಯಾವುದರದ್ದು ಎಂದೇ ಗೊತ್ತಾಗುವುದಿಲ್ಲ.

ಮೊಳಕೆಕಾಳಿನಲ್ಲೂ ಎಚ್ಚರ ಬೇಕು. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯೆ ಮೊಳಕೆಯಿಂದ ಹರಡಿದ ಇ-ಕೋಲಿ ಸೋಂಕಿಗೆ 50ಕ್ಕೂ ಹೆಚ್ಚು ಜನ ಸತ್ತರು. ಮೊಳಕೆಗೆ ಬೇಕಾದ ಬೆಚ್ಚಗಿನ ತೇವವೇ ರೋಗಾಣುವಿಗೂ ಬೇಕು. ಮೊಳಕೆಯನ್ನು ಐದು ನಿಮಿಷ ಹಬೆಯಲ್ಲಿಟ್ಟರೆ ಹೆಚ್ಚೇನೂ ಕಳೆದುಕೊಳ್ಳುವುದಿಲ್ಲ, ಗ್ಯಾಸ್ ಕೂಡ ಕಡಿಮೆ. ಎಲೆಕೋಸಿನಂಥದ್ದನ್ನು ಹಸಿ ತಿನ್ನುವುದಾದರೆ ಎಲೆ ಬಿಡಿಸಿ, ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಥೈರಾಯ್ಡ್ ತೊಂದರೆ ಇದ್ದರೆ ಅದನ್ನು ಬೇಯಿಸಿಯೇ ತಿನ್ನುವುದು ಒಳ್ಳೆಯದು. ಥೈರಾಯ್ಡ್ ಮಾತ್ರೆ ನುಂಗಿದ ನಾಲ್ಕು ಗಂಟೆಯೊಳಗೆ ಸೋಯಾ, ಕ್ಯಾಲ್ಸಿಯಂ ಮಾತ್ರೆ ಬೇಡ. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪಿನ ಪ್ರಮಾಣವನ್ನು ಒಮ್ಮೆಲೇ ಏರಿಸುವ ಮೊದಲು ವೈದ್ಯರನ್ನು ಕೇಳಬೇಕು.

ಹಾಗಾದರೆ ದಿನವೂ ಏನು ಮಾಡೋದು? ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೇಳಿದ್ದು ದಿನಕ್ಕೆ 400 ಗ್ರಾಂ ತರಕಾರಿ-ಸೊಪ್ಪು, 100 ಗ್ರಾಂ ಹಣ್ಣು. ಹಸಿಯೋ ಬೆಂದದ್ದೋ, ನಮ್ಮಲ್ಲಿ ಬಹಳ ಜನ ಈ ಪ್ರಮಾಣದ ಹತ್ತಿರವೂ ಹೋಗುವುದಿಲ್ಲ. ಅದನ್ನು ಮುಟ್ಟಲು ಸುಲಭದ ದಾರಿಯೆಂದರೆ ಎರಡೂ ಹೊತ್ತಿನ ಊಟಕ್ಕೆ ಒಂದೊಂದು ಬಟ್ಟಲು ಹಸಿ ಸೇರಿಸುವುದು. ಮಧ್ಯಾಹ್ನ ಕೋಸಂಬರಿ, ರಾತ್ರಿ ಮೊಸರು ಬಜ್ಜಿ. ತಿಂಡಿಗೆ ಉಪ್ಪಿಟ್ಟು ಮಾಡುವ ದಿನ ರವೆಯಷ್ಟೇ ತರಕಾರಿ. ಸಂಜೆಗೆ ಚುರುಮುರಿ ಇರಲಿ, ಆದರೆ ಮಂಡಕ್ಕಿಗಿಂತ ಕ್ಯಾರೆಟ್ ತುರಿ, ಈರುಳ್ಳಿ, ಶೇಂಗಾ ಜಾಸ್ತಿ ಇರಲಿ. ಟೊಮೆಟೊ ಬೇಯಿಸಿದ್ದೇ ಒಳ್ಳೆಯದು, ಅದರ ಕೆಂಪು ಅಂಶ ಬೆಂದಾಗ ಮೈಗೆ ಜಾಸ್ತಿ ಸಿಗುತ್ತದೆ. ಸೀಬೆ, ನೆಲ್ಲಿಕಾಯಿ, ಪಪಾಯ ಹಸಿಯೇ ಸರಿ. ಹೊಟ್ಟೆ ಉಬ್ಬರ ಇರುವವರು ಒಂದೇ ದಿನ ಶುರು ಮಾಡದೆ ವಾರವಾರ ಸ್ವಲ್ಪ ಸ್ವಲ್ಪ ಏರಿಸಿ. ಮುಟ್ಟು ನಿಂತ ಮೇಲೆ ಕೆಟ್ಟ ಕೊಲೆಸ್ಟರಾಲ್ ಏರುವುದು ಸಾಮಾನ್ಯ. ನಾರಿನ ಊಟದ ಲಾಭ ಅಲ್ಲಿ ರಿಪೋರ್ಟಿನಲ್ಲೇ ಕಾಣಬಹುದು.

ಊಟದಿಂದ ಆಗದ್ದನ್ನೂ ಹೇಳಿಬಿಡಬೇಕು. ಯೋನಿ ಒಣಗುವುದು, ಸೇರುವಾಗ ನೋವು, ಪದೇ ಪದೇ ಉರಿಮೂತ್ರ. ಇವಕ್ಕೆ ಯಾವ ತರಕಾರಿಯೂ ಕೆಲಸ ಮಾಡುವುದಿಲ್ಲ. ಈಸ್ಟ್ರೋಜನ್ ಇರುವ ಮುಲಾಮು ಕೆಲಸ ಮಾಡುತ್ತದೆ. ಹೇಳಿಕೊಳ್ಳಲು ನಾಚಿಕೆಪಟ್ಟು ವರ್ಷಗಟ್ಟಲೆ ಸಹಿಸಿಕೊಳ್ಳುವವರೇ ಜಾಸ್ತಿ. ಬಿಸಿಯೇರುವುದು ನಿದ್ದೆ ಕೆಡಿಸುವಷ್ಟಿದ್ದರೆ ಹಾರ್ಮೋನ್ ಚಿಕಿತ್ಸೆಯ ಬಗ್ಗೆಯೂ ಕೇಳಿ. ಅದರಿಂದ ಸ್ತನ ಕ್ಯಾನ್ಸರ್, ಹೃದಯದ ತೊಂದರೆ ಹೆಚ್ಚುತ್ತದೆ ಎಂದು 2002ರಲ್ಲಿ ಬಂದ ಒಂದು ವರದಿಯ ಭಯ ಇನ್ನೂ ಹೋಗಿಲ್ಲ. 60ರೊಳಗಿನ, ಅಥವಾ ಮುಟ್ಟು ನಿಂತು ಹತ್ತು ವರ್ಷ ದಾಟದ ಆರೋಗ್ಯವಂತ ಹೆಂಗಸರಲ್ಲಿ ಹೆಚ್ಚಿನವರಿಗೆ ಅಪಾಯಕ್ಕಿಂತ ಲಾಭ ಜಾಸ್ತಿ ಎಂದು ತಜ್ಞರು ಈಗ ಹೇಳುತ್ತಾರೆ. ಸ್ತನ ಕ್ಯಾನ್ಸರ್ ಆದವರು, ಪಾರ್ಶ್ವವಾಯು ಆದವರು, ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಅದು ಸಾಮಾನ್ಯವಾಗಿ ಬೇಡ. ಅವರಿಗೆ ಹಾರ್ಮೋನು ಇಲ್ಲದ ಬೇರೆ ಮಾತ್ರೆಗಳಿವೆ.

ಮುಟ್ಟು ನಿಂತು ವರ್ಷ ಆದ ಮೇಲೆ ಮತ್ತೆ ರಕ್ತ ಕಂಡರೆ, ಅದು ಒಂದೇ ಹನಿ ಆದರೂ, ‘ಉಷ್ಣಕ್ಕೆ ಹೀಗಾಯ್ತು’ ಎಂದು ಎಳನೀರು ಕುಡಿದು ಸುಮ್ಮನಾಗಬೇಡಿ. ಗರ್ಭಕೋಶದ ಕ್ಯಾನ್ಸರ್ ಮೊದಲು ಕಾಣಿಸಿಕೊಳ್ಳುವುದು ಹೆಚ್ಚಾಗಿ ಹೀಗೆಯೇ. ಆ ವಾರವೇ ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ ಸ್ಕ್ಯಾನ್ ಮಾಡಿಸಿ.